ಅಕ್ಕಿಕಾಳಿನಷ್ಟು ದೀಪ: ಎಷ್ಟು ವೋಲ್ಟು, ಎಷ್ಟು ಕರೆಂಟು?



ನಿಮ್ಮ ಮನೆಯಲ್ಲಿ ಎಲ್.ಇ.ಡಿ. ಬಲ್ಬೊಂದು ಕೆಟ್ಟುಹೋಗಿದ್ದರೆ ಅದನ್ನು ಎಸೆಯಬೇಡಿ. ಹೋಲ್ಡರಿನಿಂದ ಕಳಚಿ ಒಂದು ದಿನ ಹಾಗೆಯೇ ಬಿಡಿ. ಆಮೇಲೆ ಮೇಲಿನ ಬಿಳಿಯ ಪ್ಲಾಸ್ಟಿಕ್ ಬುರುಡೆಯನ್ನು ಬಿಡಿಸಿ ಒಳಗೆ ನೋಡಿ. ದುಂಡನೆಯ ಅಲ್ಯೂಮಿನಿಯಂ ತಟ್ಟೆಯೊಂದರ ಮೇಲೆ ಹಳದಿ ಬಣ್ಣದ ಚಿಕ್ಕ ಚಿಕ್ಕ ಚೌಕಗಳು ಕುಳಿತಿರುತ್ತವೆ. ಒಂದೊಂದೂ ಅಕ್ಕಿಕಾಳಿಗಿಂತ ಉದ್ದವಿಲ್ಲ. ಅವುಗಳಲ್ಲಿ ಯಾವುದಾದರೂ ಒಂದರ ನಡುವೆ ಸೂಜಿಯಿಂದ ಸುಟ್ಟ ಹಾಗೆ ಕಪ್ಪು ಚುಕ್ಕೆ ಕಂಡರೆ, ಆ ಬಲ್ಬು ಸತ್ತದ್ದು ಅಲ್ಲಿಯೇ. ಉಳಿದ ಎಲ್ಲ ಚೌಕಗಳೂ ಚೆನ್ನಾಗಿರುತ್ತವೆ. ಆದರೂ ದೀಪ ಹತ್ತುವುದಿಲ್ಲ.

ಈ ಚೌಕಗಳೇ ಎಸ್.ಎಂ.ಡಿ. ಎಲ್.ಇ.ಡಿ.ಗಳು. ಹಲಗೆಯ ತೂತಿನಲ್ಲಿ ಕಾಲು ತೂರಿಸದೆ, ಹಲಗೆಯ ಮೇಲ್ಮೈಯಲ್ಲೇ ಬೆಸುಗೆ ಹಾಕಿ ಕೂರಿಸುವ, ಬೆಳಕು ಸೂಸುವ ಡಯೋಡುಗಳು. 2015ರ ಜನವರಿ 5ರಂದು ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಆರಂಭವಾದ ಮೇಲೆ ಎಲ್.ಇ.ಡಿ. ಬಲ್ಬುಗಳು ಕಡಿಮೆ ಬೆಲೆಗೆ ನಮ್ಮ ಹಳ್ಳಿಹಳ್ಳಿಗೂ ಬಂದವು. ದೇವರ ಕೋಣೆಯ ಅಲಂಕಾರದಿಂದ ಹಿಡಿದು ಟ್ರ್ಯಾಕ್ಟರಿನ ಹಿಂದಿನ ದೀಪದವರೆಗೆ ಈಗ ಇವುಗಳದೇ ರಾಜ್ಯ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದರೆ ಹತ್ತು ಮಾದರಿಗಳಲ್ಲಿ ಎಂಟರಲ್ಲಿ ಇವು ಮಿನುಗುತ್ತಿರುತ್ತವೆ. ಪ್ರದರ್ಶನದ ಎರಡನೆಯ ದಿನ ಅವುಗಳಲ್ಲಿ ಎಷ್ಟೋ ಆರಿಹೋಗಿರುವುದನ್ನೂ ಚಿತ್ರೀಕರಣಕ್ಕೆ ಹೋದಾಗಲೆಲ್ಲ ಕಂಡಿದ್ದೇನೆ. "ಸಾರ್, ನಿನ್ನೆ ಚೆನ್ನಾಗಿತ್ತು" ಎನ್ನುವ ಮಕ್ಕಳ ಮುಖ ನೋಡಲಾಗುವುದಿಲ್ಲ. ಹಣ ಕೊಟ್ಟು ತಂದ ಸಾಮಾನು, ರಾತ್ರಿಯಿಡೀ ಕುಳಿತು ಹಾಕಿದ ಬೆಸುಗೆ ಎಲ್ಲವೂ ವ್ಯರ್ಥ. ಇದಕ್ಕೆ ಕಾರಣ ಬಹುತೇಕ ಸಲ ಒಂದೇ: ಈ ದೀಪಕ್ಕೆ ವೋಲ್ಟೇಜು ಎಂದರೇನು, ಪ್ರವಾಹ ಎಂದರೇನು ಎಂಬುದನ್ನು ಹಳೆಯ ಬುರುಡೆ ದೀಪದ ಲೆಕ್ಕದಲ್ಲಿಯೇ ನೋಡುವುದು.

ಹಳೆಯ ಬುರುಡೆ ದೀಪದಲ್ಲಿ ಟಂಗ್‌ಸ್ಟನ್ ತಂತಿ ಇತ್ತು. ಅದು ಒಂದು ರೋಧಕ. ಅದರ ಮೇಲೆ "ಇಷ್ಟು ವೋಲ್ಟ್" ಎಂದು ಬರೆದಿರುತ್ತಿತ್ತು. ಅಷ್ಟು ಕೊಟ್ಟರೆ ತನಗೆ ಬೇಕಾದ ಪ್ರವಾಹವನ್ನು ಅದೇ ಎಳೆದುಕೊಳ್ಳುತ್ತಿತ್ತು. ತುಸು ಹೆಚ್ಚು ಕೊಟ್ಟರೆ ತಂತಿ ಇನ್ನಷ್ಟು ಕಾಯುತ್ತಿತ್ತು, ಕಾದಂತೆ ಅದರ ರೋಧವೂ ಏರುತ್ತಿತ್ತು. ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ಹಿಡಿದುಕೊಳ್ಳುವ ಗುಣ ಅದಕ್ಕಿತ್ತು. ಎಲ್.ಇ.ಡಿ.ಗೆ ಈ ಗುಣವಿಲ್ಲ. ಅದರ ಸ್ವಭಾವ ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ.

ನಮ್ಮ ಬಯಲುಸೀಮೆಯ ಕೆರೆಯೊಂದನ್ನು ನೆನೆಸಿಕೊಳ್ಳಿ. ಕೆರೆ ಏರಿಯ ಒಂದು ಕೊನೆಯಲ್ಲಿ ಕೋಡಿ ಇರುತ್ತದೆ. ನೀರು ಕೋಡಿಯ ಮಟ್ಟ ಮುಟ್ಟುವವರೆಗೆ ಆಚೆಗೆ ಒಂದು ಹನಿಯೂ ಹೋಗುವುದಿಲ್ಲ. ಮಟ್ಟ ಮುಟ್ಟಿ ನಾಲ್ಕು ಬೆರಳು ಮೇಲೇರಿತೋ, ಹಳ್ಳ ತುಂಬಿ ಹರಿಯುತ್ತದೆ. ಇನ್ನೂ ನಾಲ್ಕು ಬೆರಳು ಏರಿದರೆ ಕೆಳಗಿನ ಗದ್ದೆಗಳು ಕೊಚ್ಚಿಹೋಗುತ್ತವೆ. ಎಲ್.ಇ.ಡಿ.ಯ ಮೇಲಿನ ವೋಲ್ಟೇಜು ಕೆರೆಯ ನೀರಿನ ಮಟ್ಟದಂತೆ. ಪ್ರವಾಹ ಕೋಡಿಯ ಮೇಲೆ ಹರಿಯುವ ನೀರಿನಂತೆ. ಡೇಟಾ ಶೀಟಿನಲ್ಲಿ ಮುಮ್ಮುಖ ವೋಲ್ಟೇಜು ಎಂದು ಕೊಟ್ಟಿರುವ ಸಂಖ್ಯೆ, ನಿಗದಿತ ಪ್ರವಾಹ ಹರಿಯುವಾಗ ನೀರು ಎಲ್ಲಿಗೆ ನಿಂತಿರುತ್ತದೆ ಎಂಬುದನ್ನು ಹೇಳುತ್ತದೆ.

ಸಾಮಾನ್ಯವಾದ ಬಿಳಿ ಎಸ್.ಎಂ.ಡಿ. ಎಲ್.ಇ.ಡಿ. ಒಂದನ್ನು ತೆಗೆದುಕೊಳ್ಳೋಣ. 2.5 ವೋಲ್ಟಿನಲ್ಲಿ ಅದು ಹೆಚ್ಚುಕಡಿಮೆ ಕತ್ತಲೆ. 3.2 ವೋಲ್ಟಿನ ಆಸುಪಾಸಿನಲ್ಲಿ 20 ಮಿಲಿಆಂಪಿಯರ್ ಹರಿದು ಚೆನ್ನಾಗಿ ಬೆಳಗುತ್ತದೆ. ಅದನ್ನೇ 3.5 ವೋಲ್ಟಿಗೆ ಏರಿಸಿದರೆ ಪ್ರವಾಹ ಎರಡು ಪಟ್ಟನ್ನು ದಾಟುವ ಸಂಭವವಿದೆ. ವೋಲ್ಟೇಜು ಏರಿದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಪ್ರವಾಹ ಏರಿದ್ದು ನೂರಕ್ಕೆ ನೂರು! ಇಲ್ಲಿ ಓಮ್ ನಿಯಮದ ಸರಳರೇಖೆಯನ್ನು ಹುಡುಕಬೇಡಿ. "ಎಲ್.ಇ.ಡಿ.ಯ ರೋಧ ಎಷ್ಟು?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಿರುವುದು ಇದರಿಂದಲೇ. 3.2 ವೋಲ್ಟನ್ನು 0.02 ಆಂಪಿಯರಿನಿಂದ ಭಾಗಿಸಿದರೆ 160 ಓಮ್ ಬರುತ್ತದೆ, ನಿಜ. ಆದರೆ ಆ 160 ಆ ಒಂದು ಬಿಂದುವಿಗೆ ಮಾತ್ರ ಸತ್ಯ. ಗಣಿತ ಪ್ರಿಯರಿಗೆ ಹೇಳುವುದಾದರೆ, ಡಯೋಡಿನಲ್ಲಿ ಪ್ರವಾಹವು ವೋಲ್ಟೇಜಿನೊಡನೆ ಘಾತೀಯವಾಗಿ ಏರುತ್ತದೆ. ಆದರ್ಶ ಡಯೋಡಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಕೇವಲ 60 ಮಿಲಿವೋಲ್ಟ್ ಹೆಚ್ಚಾದರೆ ಪ್ರವಾಹ ಹತ್ತು ಪಟ್ಟು! ನಿಜವಾದ ಎಲ್.ಇ.ಡಿ. ಅಷ್ಟು ಉಗ್ರವಲ್ಲ, ಅದರೊಳಗೂ ಕೆಲವು ಓಮ್‌ಗಳ ರೋಧ ಇರುತ್ತದೆ. ಆದರೂ ಸ್ವಭಾವ ಅದೇ.

ಕೋಡಿಯ ಎತ್ತರ ಎಲ್ಲ ಎಲ್.ಇ.ಡಿ.ಗಳಿಗೂ ಒಂದೇ ಅಲ್ಲ, ಮತ್ತು ಅದನ್ನು ತಯಾರಕರು ತಮ್ಮ ಮನಸ್ಸಿಗೆ ಬಂದಂತೆ ಇಟ್ಟಿಲ್ಲ. ಅರೆವಾಹಕದ ಸಂಧಿಯಲ್ಲಿ ಎಲೆಕ್ಟ್ರಾನೊಂದು ರಂಧ್ರದೊಡನೆ ಕೂಡಿದಾಗ ಬಿಡುಗಡೆಯಾಗುವ ಶಕ್ತಿಯೇ ಫೋಟಾನ್ ಆಗಿ ಹೊರಬರುತ್ತದೆ. ಫೋಟಾನಿನ ಶಕ್ತಿ ಹೆಚ್ಚಾದಷ್ಟೂ ಅದಕ್ಕೆ ತೆರಬೇಕಾದ ವೋಲ್ಟೇಜೂ ಹೆಚ್ಚು. ಲೆಕ್ಕ ಬಹಳ ಸುಲಭ. 1240ನ್ನು ತರಂಗದೂರದಿಂದ, ಅಂದರೆ ನ್ಯಾನೊಮೀಟರಿನಲ್ಲಿ ಹೇಳಿದ ತರಂಗದೂರದಿಂದ, ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಸಿಗುತ್ತದೆ. 625 ನ್ಯಾನೊಮೀಟರಿನ ಕೆಂಪಿಗೆ 1.98. 590ರ ಹಳದಿಗೆ 2.10. 465ರ ನೀಲಿಗೆ 2.67. ಈಗ ಮುಮ್ಮುಖ ವೋಲ್ಟೇಜುಗಳನ್ನು ನೋಡಿ: ಕೆಂಪು ಎಲ್.ಇ.ಡಿ.ಗೆ ಸುಮಾರು 1.8ರಿಂದ 2.2, ಹಳದಿಗೂ ಹೆಚ್ಚುಕಡಿಮೆ ಅಷ್ಟೇ, ನೀಲಿಗೆ 3.0ರಿಂದ 3.4. ಬಣ್ಣವೇ ವೋಲ್ಟೇಜನ್ನು ಹೇಳಿಕೊಡುತ್ತದೆ.

ಬಿಳಿಗೆ ಎಷ್ಟು? ಬಿಳಿ ಬೆಳಕಿಗೆ ತನ್ನದೇ ಆದ ತರಂಗದೂರ ಇಲ್ಲ. ಬಿಳಿ ಎಲ್.ಇ.ಡಿ. ಎಂದರೆ ಒಳಗೆ ನೀಲಿ ಎಲ್.ಇ.ಡಿ., ಮೇಲೆ ಹಳದಿಯಾಗಿ ಹೊಳೆಯುವ ಫಾಸ್ಫರ್ ಪುಡಿಯ ಲೇಪ. ಬಲ್ಬಿನೊಳಗೆ ಕಂಡ ಹಳದಿ ಚೌಕಗಳು ಹಳದಿಯಾಗಿರುವುದು ಈ ಲೇಪದಿಂದ. ಹಾಗಾಗಿ ಬಿಳಿಯ ವೋಲ್ಟೇಜು ಎಂದರೆ ನೀಲಿಯ ವೋಲ್ಟೇಜೇ. ಹಸಿರಿನಲ್ಲಿ ಮಾತ್ರ ಒಂದು ಬಲೆಯಿದೆ. ಗ್ಯಾಲಿಯಂ ಫಾಸ್ಫೈಡಿನಿಂದ ಮಾಡಿದ, ಹಳದಿ ಬೆರೆತಂತೆ ಕಾಣುವ ಹಳೆಯ ಬಗೆಯ ಹಸಿರಿಗೆ 2.1 ವೋಲ್ಟಿನ ಸುತ್ತಮುತ್ತ ಸಾಕು. ಇಂಡಿಯಂ ಗ್ಯಾಲಿಯಂ ನೈಟ್ರೈಡಿನಿಂದ ಮಾಡಿದ ಅಚ್ಚ ಹಸಿರಿಗೆ 3 ವೋಲ್ಟಿಗೂ ಮೇಲೆ ಬೇಕು. ಅಂಗಡಿಯಲ್ಲಿ ಎರಡೂ "ಹಸಿರು" ಎಂದೇ ಸಿಗುತ್ತವೆ.

ಇಲ್ಲಿ ಸ್ವಲ್ಪ ಇತಿಹಾಸ. ಹರಳಿನೊಳಗಿಂದ ವಿದ್ಯುತ್ ಹರಿದಾಗ ಬೆಳಕು ಬರುವುದನ್ನು 1907ರಲ್ಲಿಯೇ ಎಚ್.ಜೆ. ರೌಂಡ್ ವರದಿ ಮಾಡಿದ್ದರು. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು 1962ರಲ್ಲಿ ನಿಕ್ ಹಾಲೊನ್ಯಾಕ್ ತೋರಿಸಿದರು. ಪ್ರಖರವಾದ ನೀಲಿ ಬರಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿ ಬಂತು. ನಾನು ಬಿ.ಎಸ್‌ಸಿ. ಓದುತ್ತಿದ್ದ ಕಾಲದಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿ ಕೆಂಪು, ಹಸಿರು, ಹಳದಿ ಎಲ್.ಇ.ಡಿ.ಗಳು ಡಬ್ಬಿಗಟ್ಟಲೆ ಇದ್ದವು. ನೀಲಿ ಇದ್ದದ್ದು ಒಂದೇ. ಅದನ್ನು ನಮ್ಮ ಮೇಷ್ಟ್ರು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು.

ಇನ್ನು ಹೆಸರುಗಳ ವಿಷಯ. ಎಸ್.ಎಂ.ಡಿ. ಎಲ್.ಇ.ಡಿ.ಗಳನ್ನು 0805, 1206, 3528, 5050, 2835 ಎಂದೆಲ್ಲ ಸಂಖ್ಯೆಗಳಿಂದ ಕರೆಯುತ್ತಾರೆ. ಇವು ಕೇವಲ ಅಳತೆ. ಅದರಲ್ಲೂ ಎರಡು ಪದ್ಧತಿಗಳು ಬೆರೆತುಹೋಗಿವೆ. 0805 ಎಂದರೆ ಅಂಗುಲದ ನೂರರಲ್ಲಿ ಎಂಟು ಭಾಗ ಉದ್ದ, ಐದು ಭಾಗ ಅಗಲ, ಅಂದರೆ ಸುಮಾರು 2 ಮಿ.ಮೀ., 1.25 ಮಿ.ಮೀ. ಆದರೆ 3528 ಎಂದರೆ 3.5 ಮಿ.ಮೀ., 2.8 ಮಿ.ಮೀ. 5050 ಎಂದರೆ ಐದು ಮಿ.ಮೀ. ಚೌಕ. ಈ ಸಂಖ್ಯೆ ವೋಲ್ಟೇಜನ್ನಾಗಲಿ ಪ್ರವಾಹವನ್ನಾಗಲಿ ಹೇಳುವುದಿಲ್ಲ. 2835 ಎಂಬ ಒಂದೇ ಹೆಸರಿನಲ್ಲಿ 3 ವೋಲ್ಟಿಗೆ 60 ಮಿಲಿಆಂಪಿಯರ್ ಬೇಡುವುದೂ ಸಿಗುತ್ತದೆ, 150 ಬೇಡುವುದೂ ಸಿಗುತ್ತದೆ. ಒಳಗೆ ಮೂರು ಚಿಪ್ಪುಗಳನ್ನು ಸರಣಿಯಲ್ಲಿ ಜೋಡಿಸಿ 9 ವೋಲ್ಟ್ ಬೇಡುವುದೂ, ಆರು ಜೋಡಿಸಿ 18 ವೋಲ್ಟ್ ಬೇಡುವುದೂ ಇವೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ! ಬಲ್ಬಿನಿಂದ ಕಿತ್ತ ಚೌಕವನ್ನು 3 ವೋಲ್ಟಿನ ಸೆಲ್ಲಿಗೆ ಹಿಡಿದು, ಹತ್ತಲಿಲ್ಲವೆಂದು ಎಸೆಯುವವರು ಎಷ್ಟೋ ಸಲ ಒಳ್ಳೆಯ 9 ವೋಲ್ಟಿನದನ್ನೇ ಎಸೆದಿರುತ್ತಾರೆ.

ಹಾಗಾದರೆ ಡೇಟಾ ಶೀಟಿನಲ್ಲಿ ಏನನ್ನು ನೋಡಬೇಕು? ಮೂರು ಸಾಲು ಸಾಕು. ಮೊದಲನೆಯದು ಮುಮ್ಮುಖ ವೋಲ್ಟೇಜು. ಕನಿಷ್ಠ, ಸಾಮಾನ್ಯ, ಗರಿಷ್ಠ ಎಂದು ಮೂರು ಬೆಲೆಗಳಿರುತ್ತವೆ, ಉದಾಹರಣೆಗೆ 2.8, 3.2, 3.6 ಎಂದು. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಎಲ್.ಇ.ಡಿ.ಗಳೂ ತದ್ರೂಪಿಗಳಲ್ಲ ಎಂಬುದು ಇದರ ಅರ್ಥ. ಎರಡನೆಯದು ಸತತವಾಗಿ ಹರಿಸಬಹುದಾದ ಗರಿಷ್ಠ ಪ್ರವಾಹ. ಚಿಕ್ಕವುಗಳಲ್ಲಿ ಇದು ಸಾಮಾನ್ಯವಾಗಿ 25 ಅಥವಾ 30 ಮಿಲಿಆಂಪಿಯರ್. ಇದು ಮುಟ್ಟಬೇಕಾದ ಗುರಿಯಲ್ಲ, ದಾಟಬಾರದ ಗಡಿ. ಮೂರನೆಯದು ಹಿಮ್ಮುಖ ವೋಲ್ಟೇಜು, ಹೆಚ್ಚಾಗಿ 5 ವೋಲ್ಟ್. ಮನೆಯ ಗೋಡೆ ಗಡಿಯಾರಕ್ಕೆ ಸೆಲ್ ತಿರುಗಿಸಿ ಹಾಕಿದರೆ ಅದು ನಡೆಯುವುದಿಲ್ಲ, ಅಷ್ಟೆ. 12 ವೋಲ್ಟನ್ನು ಒಂಟಿ ಎಲ್.ಇ.ಡಿ.ಗೆ ತಿರುಗಿಸಿ ಕೊಟ್ಟರೆ ಅದು ಶಾಶ್ವತವಾಗಿ ಕೆಡಬಹುದು.

ಈಗ ಕೋಡಿಯ ನೀರಿಗೆ ಕಡಿವಾಣ ಹಾಕುವ ಕೆಲಸ. ಅದನ್ನು ಮಾಡುವುದು ರೋಧಕ, ಅಂಗಡಿಯ ಮಾತಿನಲ್ಲಿ ರೆಸಿಸ್ಟರ್. ಲೆಕ್ಕ ಇಷ್ಟೇ: ಬ್ಯಾಟರಿಯ ವೋಲ್ಟೇಜಿನಿಂದ ಎಲ್.ಇ.ಡಿ.ಯ ವೋಲ್ಟೇಜನ್ನು ಕಳೆಯಿರಿ. ಉಳಿದದ್ದನ್ನು ಬೇಕಾದ ಪ್ರವಾಹದಿಂದ ಭಾಗಿಸಿ. 5 ವೋಲ್ಟಿನ ಮೊಬೈಲ್ ಚಾರ್ಜರಿನಿಂದ ಒಂದು ಕೆಂಪು ಎಲ್.ಇ.ಡಿ. ಬೆಳಗಿಸಬೇಕು ಎನ್ನಿ. 5ರಲ್ಲಿ 2 ಕಳೆದರೆ 3 ವೋಲ್ಟ್. 10 ಮಿಲಿಆಂಪಿಯರ್ ಸಾಕು. 3ನ್ನು 0.01ರಿಂದ ಭಾಗಿಸಿದರೆ 300 ಓಮ್. ಅಂಗಡಿಯಲ್ಲಿ 300 ಸಿಗದಿದ್ದರೆ 330 ತನ್ನಿ. ಪ್ರವಾಹ 9 ಆಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಇಂದಿನ ಎಲ್.ಇ.ಡಿ.ಗಳು ಎಷ್ಟು ಸಮರ್ಥವೆಂದರೆ, ಕೇವಲ ಸೂಚಕವಾಗಿ ಮಿನುಗಲು ಒಂದೆರಡು ಮಿಲಿಆಂಪಿಯರ್ ಕೊಟ್ಟರೂ ನಡೆಯುತ್ತದೆ. "20 ಕೊಡಲೇಬೇಕು" ಎಂಬುದು ಹಳೆಯ ಕಾಲದ ರೂಢಿ.

ರೋಧಕಕ್ಕೆ ಎಷ್ಟು ವೋಲ್ಟ್ ಉಳಿಸಬೇಕು ಎಂಬುದರಲ್ಲಿ ಜಾಣತನ ಇದೆ. ಇದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಆದ್ದರಿಂದ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಬಿಳಿ ಎಲ್.ಇ.ಡಿ.ಗೆ 3.2 ವೋಲ್ಟ್, 20 ಮಿಲಿಆಂಪಿಯರ್ ಬೇಕು. ಮೂಲ 5 ವೋಲ್ಟಿನದಾದರೆ ರೋಧಕ 90 ಓಮ್. ನಿಮಗೆ ಸಿಕ್ಕಿದ ಎಲ್.ಇ.ಡಿ. 3.0 ವೋಲ್ಟಿನದಾಗಿದ್ದರೆ? ಉಳಿಯುವುದು 2 ವೋಲ್ಟ್, ಪ್ರವಾಹ ಸುಮಾರು 22. 3.4ರದಾಗಿದ್ದರೆ ಸುಮಾರು 18. ಯಾವುದೂ ಅಪಾಯವಲ್ಲ. ಈಗ ಮೂಲವನ್ನು 3.3 ವೋಲ್ಟ್ ಮಾಡಿ. ಉಳಿಯುವುದು 0.1 ವೋಲ್ಟ್, ರೋಧಕ 5 ಓಮ್. ಇದಕ್ಕೆ 3.0 ವೋಲ್ಟಿನ ಎಲ್.ಇ.ಡಿ. ಹಾಕಿದರೆ ಲೆಕ್ಕದ ಪ್ರಕಾರ 60 ಮಿಲಿಆಂಪಿಯರ್! 3.4ರದನ್ನು ಹಾಕಿದರೆ ಮಂಕು. ವಿದ್ಯುತ್ತನ್ನು ಉಳಿಸಲು ಹೋಗಿ ರೋಧಕದ ಪಾಲನ್ನು ಕಿತ್ತುಕೊಂಡರೆ ಕಡಿವಾಣವೇ ಕೈತಪ್ಪುತ್ತದೆ.

ಇದರ ಮೇಲೆ ಶಾಖದ ಕಾಟ ಬೇರೆ. ಎಲ್.ಇ.ಡಿ. ಕಾದಂತೆ ಅದರ ಮುಮ್ಮುಖ ವೋಲ್ಟೇಜು ಡಿಗ್ರಿಗೆ 2ರಿಂದ 4 ಮಿಲಿವೋಲ್ಟಿನಂತೆ ಇಳಿಯುತ್ತದೆ. ಐವತ್ತು ಡಿಗ್ರಿ ಕಾದರೆ ಕೋಡಿ 0.1 ವೋಲ್ಟಿಗೂ ಹೆಚ್ಚು ತಗ್ಗಿತು. ಕೆರೆಯ ಮಟ್ಟ ಅಷ್ಟೇ ಇದ್ದರೂ ನೀರು ಹೆಚ್ಚು ಹರಿಯುತ್ತದೆ, ಹೆಚ್ಚು ಹರಿದರೆ ಇನ್ನೂ ಕಾಯುತ್ತದೆ, ಕಾದರೆ ಕೋಡಿ ಇನ್ನೂ ತಗ್ಗುತ್ತದೆ. ವಸ್ತುಪ್ರದರ್ಶನದಲ್ಲಿ ಮೊದಲ ದಿನ ಬೆಳಗಿದ್ದು ಎರಡನೆಯ ದಿನ ಆರುವುದು ಹೀಗೆ. ಹಲವು ಎಲ್.ಇ.ಡಿ.ಗಳನ್ನು ಸಮಾಂತರವಾಗಿ ಕಟ್ಟಿ ಎಲ್ಲಕ್ಕೂ ಸೇರಿ ಒಂದೇ ರೋಧಕ ಹಾಕುವುದೂ ತಪ್ಪು. ಯಾವುದರ ಕೋಡಿ ತಗ್ಗೋ ಅದೇ ಎಲ್ಲರ ಪಾಲನ್ನೂ ನುಂಗುತ್ತದೆ, ಕಾಯುತ್ತದೆ, ಇನ್ನಷ್ಟು ನುಂಗುತ್ತದೆ. ಒಂದೊಂದು ಸಾಲಿಗೂ ಅದರದೇ ರೋಧಕ ಇರಲಿ.

"ಎರಡು ಪೆನ್ಸಿಲ್ ಸೆಲ್ಲಿಗೆ ನೇರವಾಗಿ ಕೆಂಪು ಎಲ್.ಇ.ಡಿ. ಕಟ್ಟಿದರೆ ಸುಟ್ಟಿತು, ಅದೇ 3 ವೋಲ್ಟಿನ ಬಟನ್ ಸೆಲ್ಲಿಗೆ ಕಟ್ಟಿದರೆ ಸುಡಲಿಲ್ಲ, ಏಕೆ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಬಟನ್ ಸೆಲ್ಲಿನೊಳಗೇ ಹತ್ತು ಓಮಿಗಿಂತ ಹೆಚ್ಚಿನ ಆಂತರಿಕ ರೋಧ ಅಡಗಿದೆ, ಬಳಸಿದಂತೆ ಅದು ಏರುತ್ತಲೂ ಹೋಗುತ್ತದೆ. ರೋಧಕ ಅಲ್ಲಿಯೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪೆನ್ಸಿಲ್ ಸೆಲ್ಲಿನಲ್ಲಿ ಅದು ಒಂದು ಓಮಿಗಿಂತಲೂ ಕಡಿಮೆ.

ಹಿಂದಿನ ಕಾರ್ಯಕ್ರಮವೊಂದರ ನಂತರ ಡಿಪ್ಲೊಮಾ ಓದುತ್ತಿರುವ ವಿದ್ಯಾರ್ಥಿಯೊಬ್ಬ ನಮಗೆ ಕಾಗದ ಬರೆದಿದ್ದ. ತಂದೆಯ ಟ್ರ್ಯಾಕ್ಟರಿಗೆ ಒಂದು ಮೀಟರ್ ಎಲ್.ಇ.ಡಿ. ಪಟ್ಟಿ ಅಂಟಿಸಿದ್ದಾನೆ. ಪಟ್ಟಿಯ ಮೇಲೆ 12 ವೋಲ್ಟ್ ಎಂದಿದೆ, ಬ್ಯಾಟರಿಯೂ 12 ವೋಲ್ಟಿನದು. ಕಬ್ಬಿನ ಲೋಡು ರಾತ್ರಿ ಹೊತ್ತು ಕಾರ್ಖಾನೆಗೆ ಹೋಗುವಾಗ ಹಿಂದಿನಿಂದ ಬರುವ ವಾಹನಕ್ಕೆ ಟ್ರೇಲರ್ ಕಾಣಲಿ ಎಂಬುದು ಅವನ ಉದ್ದೇಶ. ಎರಡೇ ತಿಂಗಳಲ್ಲಿ ಅಲ್ಲಲ್ಲಿ ಆರತೊಡಗಿತು. "ಸಾರ್, ಆರುವಾಗ ಮೂರು ಮೂರೇ ಆರುತ್ತವೆ. ಒಂದು, ಎರಡು ಆರುವುದೇ ಇಲ್ಲ. ಏಕೆ?" ಎಂದು ಅವನ ಪ್ರಶ್ನೆ. ಕಣ್ಣು ತೆರೆದು ನೋಡಿದ್ದಾನೆ! ಉತ್ತರದ ಅರ್ಧ ಅವನ ಪ್ರಶ್ನೆಯಲ್ಲೇ ಇದೆ.

12 ವೋಲ್ಟಿನ ಪಟ್ಟಿಯಲ್ಲಿ ಮೂರು ಎಲ್.ಇ.ಡಿ., ಒಂದು ರೋಧಕ, ಇವು ಸರಣಿಯಲ್ಲಿರುತ್ತವೆ. ಇಂಥ ಗುಂಪುಗಳು ಒಂದರ ಪಕ್ಕ ಒಂದು ಸಮಾಂತರವಾಗಿ ಜೋಡಣೆಯಾಗಿರುತ್ತವೆ. ಕತ್ತರಿಯ ಗುರುತು ಪ್ರತಿ ಮೂರಕ್ಕೊಮ್ಮೆ ಇರುವುದು ಇದರಿಂದಲೇ. ಸರಣಿಯಲ್ಲಿ ಒಂದು ತುಂಡಾದರೆ ಮೂರೂ ಕತ್ತಲೆ. ಪಕ್ಕದ ಗುಂಪಿಗೆ ಏನೂ ಆಗದು. ಈಗ ಲೆಕ್ಕ. ಮೂರು ಬಿಳಿ ಎಲ್.ಇ.ಡಿ.ಗೆ 3.2ರಂತೆ 9.6 ವೋಲ್ಟ್. 12ರಲ್ಲಿ ಕಳೆದರೆ 2.4. ಪಟ್ಟಿಯ ಪುಟ್ಟ ರೋಧಕದ ಮೇಲೆ 121 ಎಂದು ಬರೆದಿದ್ದರೆ ಅದು 12ರ ಮುಂದೆ ಒಂದು ಸೊನ್ನೆ, ಅಂದರೆ 120 ಓಮ್. 2.4ನ್ನು 120ರಿಂದ ಭಾಗಿಸಿದರೆ ಸರಿಯಾಗಿ 20 ಮಿಲಿಆಂಪಿಯರ್. ಮೀಟರಿಗೆ 60 ಎಲ್.ಇ.ಡಿ. ಎಂದರೆ 20 ಗುಂಪು, ಒಟ್ಟು 0.4 ಆಂಪಿಯರ್, 4.8 ವಾಟ್. 3528 ಪಟ್ಟಿಯ ಸುರುಳಿಯ ಮೇಲೆ ಮೀಟರಿಗೆ 4.8 ವಾಟ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಅದು ಬಂದದ್ದು ಇಲ್ಲಿಂದ.

ಆದರೆ "12 ವೋಲ್ಟಿನ ಬ್ಯಾಟರಿ" ಎಂಬುದು ಹೆಸರಿಗೆ ಮಾತ್ರ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗಲೇ 12.6 ವೋಲ್ಟ್ ಇರುತ್ತದೆ. ಇಂಜಿನ್ ಓಡುವಾಗ ಅದನ್ನು ಚಾರ್ಜು ಮಾಡುವ ಆಲ್ಟರ್ನೇಟರ್ 13.8ರಿಂದ 14.4 ವೋಲ್ಟ್ ಕೊಡುತ್ತದೆ. 14.4ರಲ್ಲಿ 9.6 ಕಳೆಯಿರಿ: 4.8. ರೋಧಕದ ಪಾಲು ಎರಡು ಪಟ್ಟಾಯಿತು, ಪ್ರವಾಹವೂ 40ರ ಹತ್ತಿರಕ್ಕೆ ಹೋಯಿತು. ಎಲ್.ಇ.ಡಿ.ಯ ವೋಲ್ಟೇಜೂ ತುಸು ಏರುವುದರಿಂದ ನಿಜದಲ್ಲಿ 36ರ ಆಸುಪಾಸು ಇರಬಹುದು. ಗಡಿ 30 ಇರುವ ಎಲ್.ಇ.ಡಿ.ಗೆ ರಾತ್ರಿಯಿಡೀ 36! ಜೊತೆಗೆ ಟ್ರ್ಯಾಕ್ಟರಿನ ಅದಿರಾಟ. ಎರಡು ತಿಂಗಳು ಬಾಳಿದ್ದೇ ದೊಡ್ಡದು. ಒಟ್ಟಿನಲ್ಲಿ 12 ವೋಲ್ಟಿನಿಂದ 14.4ಕ್ಕೆ ನೂರಕ್ಕೆ ಇಪ್ಪತ್ತು ಏರಿದರೆ ಪ್ರವಾಹ ನೂರಕ್ಕೆ ಎಂಬತ್ತು ಏರುತ್ತದೆ ಎಂಬುದನ್ನು ಗಮನಿಸಿ.

ಇದಕ್ಕೆ ಪರಿಹಾರ ಸುಲಭ, ಅಗ್ಗ. ಆ ಒಂದು ಮೀಟರ್ ಪಟ್ಟಿಗೆ ಸರಣಿಯಲ್ಲಿ 10 ಓಮ್, 2 ವಾಟಿನ ರೋಧಕ ಒಂದನ್ನು ಹಾಕಬೇಕು. 20 ಗುಂಪುಗಳ ಪ್ರವಾಹವೂ ಅದರ ಮೂಲಕವೇ ಹೋಗುವುದರಿಂದ ಒಂದೊಂದು ಗುಂಪಿನ ದೃಷ್ಟಿಯಲ್ಲಿ ಅದು 200 ಓಮಿಗೆ ಸಮ. 120 ಮತ್ತು 200 ಸೇರಿ 320. ಇಂಜಿನ್ ಓಡುವಾಗ 4.8ನ್ನು 320ರಿಂದ ಭಾಗಿಸಿದರೆ 15 ಮಿಲಿಆಂಪಿಯರ್. ಇಂಜಿನ್ ನಿಂತಾಗ, 12.6 ವೋಲ್ಟಿನಲ್ಲಿ, 9ಕ್ಕಿಂತ ತುಸು ಹೆಚ್ಚು. ಎರಡೂ ಸುರಕ್ಷಿತ, ಎರಡೂ ಹಿಂದಿನ ವಾಹನದವನಿಗೆ ಚೆನ್ನಾಗಿ ಕಾಣುವಷ್ಟು ಬೆಳಕು. 10 ಓಮಿನಲ್ಲಿ ವ್ಯಯವಾಗುವುದು 0.9 ವಾಟ್, ಆದ್ದರಿಂದ 2 ವಾಟಿನದೇ ಬೇಕು. ಕಾಲು ವಾಟಿನದು ಸುಟ್ಟುಹೋಗುತ್ತದೆ. ಬ್ಯಾಟರಿಯ ಹತ್ತಿರವೇ 1 ಆಂಪಿಯರಿನ ಫ್ಯೂಸು ಇರಲಿ. ತಂತಿ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಬೆಂಕಿಯಾಗದಂತೆ ಕಾಯುವುದು ಅದೇ. ಇದನ್ನೇ ಆ ವಿದ್ಯಾರ್ಥಿಗೂ ಬರೆದು ಕಳಿಸಿದೆವು.

ಬಣ್ಣ ಬದಲಿಸುವ ಪಟ್ಟಿ ನಿಮ್ಮಲ್ಲಿದ್ದರೆ ಅದರ ರೋಧಕಗಳನ್ನು ಭೂತಗನ್ನಡಿಯಿಂದ ನೋಡಿ. ಕೆಲವುದರ ಮೇಲೆ 331, ಕೆಲವುದರ ಮೇಲೆ 151 ಎಂದು ಇರುವುದು ಸಾಮಾನ್ಯ. 330 ಓಮಿನದು ಯಾವ ಬಣ್ಣಕ್ಕೆ, 150ರದು ಯಾವ ಬಣ್ಣಗಳಿಗೆ ಎಂದು ಈಗ ನೀವೇ ಹೇಳಬಲ್ಲಿರಿ. ಮೂರು ಕೆಂಪಿಗೆ 6 ವೋಲ್ಟ್, ಮೂರು ನೀಲಿಗೆ 9.6.

ಮತ್ತೆ ಮನೆಯ ಬಲ್ಬಿಗೆ ಬರೋಣ. ಅದರಲ್ಲಿ ಕಡಿವಾಣದ ಕೆಲಸವನ್ನು ರೋಧಕದ ಬದಲು ಡ್ರೈವರ್ ಎಂಬ ಪುಟ್ಟ ಮಂಡಲ ಮಾಡುತ್ತದೆ. ವೋಲ್ಟೇಜು ಎಷ್ಟೇ ಇರಲಿ, ಪ್ರವಾಹ ಒಂದೇ ಸಮ ಇರುವಂತೆ ಅದು ನೋಡಿಕೊಳ್ಳುತ್ತದೆ. ಉದಾಹರಣೆಗೆ 9 ವೋಲ್ಟಿನ ಒಂಬತ್ತು ಚೌಕಗಳು ಸರಣಿಯಲ್ಲಿದ್ದು 100 ಮಿಲಿಆಂಪಿಯರ್ ಹರಿದರೆ 81 ವೋಲ್ಟ್, ಸುಮಾರು 8 ವಾಟ್. ಒಂದು ಚೌಕ ಸತ್ತರೆ ಒಂಬತ್ತೂ ಕತ್ತಲೆ. ರಿಪೇರಿ ಮಾಡುವವರು ಕಪ್ಪು ಚುಕ್ಕೆಯ ಚೌಕವನ್ನು ಕಿತ್ತು, ಆ ಜಾಗವನ್ನು ಬೆಸುಗೆಯಿಂದ ಕೂಡಿಸಿಬಿಡುತ್ತಾರೆ. ಬಲ್ಬು ಹತ್ತುತ್ತದೆ ಎಂಬುದು ನಿಜ. ಆದರೆ ಆ ಚೌಕವನ್ನು ಕೊಂದ ಶಾಖ ಒಳಗೇ ಇದೆ. ಅಗ್ಗದ ಡ್ರೈವರುಗಳಲ್ಲಿ ಉಳಿದ ವೋಲ್ಟೇಜಿನ ಹೊರೆಯೂ ಡ್ರೈವರಿನ ಮೇಲೆಯೇ ಬೀಳುತ್ತದೆ. ಅಂಥ ರಿಪೇರಿ ಹೆಚ್ಚು ಕಾಲ ಬಾಳುತ್ತದೆಂದು ನಾನು ನಂಬುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಇಂಥ ಬಲ್ಬುಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರಿನ ರಕ್ಷಣೆ ಇರುವುದಿಲ್ಲ. ಬಲ್ಬು ಹೋಲ್ಡರಿನಲ್ಲಿರುವಾಗ ಆ ಹಳದಿ ಚೌಕಗಳ ಬೆಸುಗೆ ಮುಟ್ಟಿದರೆ 230 ವೋಲ್ಟಿನ ಮನೆಯ ತಂತಿಯನ್ನೇ ಮುಟ್ಟಿದಂತೆ. 230 ಎನ್ನುವುದು ಸರಾಸರಿಯ ಲೆಕ್ಕ, ಶಿಖರದಲ್ಲಿ ಅದು 325 ವೋಲ್ಟ್. ಕಳಚಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುದಾವೇಶ ಉಳಿದಿರಬಹುದು. ಮೊದಲಿಗೇ ಒಂದು ದಿನ ಬಿಡಿ ಎಂದದ್ದು ಅದಕ್ಕಾಗಿ. ಬುರುಡೆ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿ ಪರೀಕ್ಷಿಸುವುದನ್ನು ಯಾರೇ ತೋರಿಸಿಕೊಟ್ಟರೂ ನೀವು ಮಾಡಬೇಡಿ.

ನಮ್ಮ ಸ್ಟುಡಿಯೊ ಕೆಲಸಕ್ಕೂ ಇದಕ್ಕೂ ಸಂಬಂಧವಿದೆ. ಹಿಂದೆ ಸಾವಿರ ವಾಟಿನ ಹ್ಯಾಲೊಜನ್ ದೀಪಗಳ ಕೆಳಗೆ ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಮಾತನಾಡುತ್ತಿದ್ದರು. ಎಲ್.ಇ.ಡಿ. ದೀಪ ಬಂದ ಮೇಲೆ ಬೆವರು ಹೋಯಿತು, ಬದಲಿಗೆ ಮಿಣುಕಿನ ಕಾಟ ಬಂತು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು. ಡ್ರೈವರ್ ಚೆನ್ನಾಗಿಲ್ಲದಿದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮರಾದ ಷಟರ್ ಸೆಕೆಂಡಿನ ಐವತ್ತನೆಯ ಒಂದು ಭಾಗ ತೆರೆದಿದ್ದರೆ ಪ್ರತಿ ಚೌಕಟ್ಟಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ, ಚಿತ್ರ ಸ್ವಚ್ಛ. ಲೆಕ್ಕ ತಪ್ಪಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಉರುಳುತ್ತವೆ. ನಿಮ್ಮ ಮನೆಯ ಬಲ್ಬುಗಳ ಎದುರು ಮೊಬೈಲ್ ಕ್ಯಾಮರಾ ಹಿಡಿದು ನೋಡಿ. ಯಾವುದರ ಡ್ರೈವರ್ ಕಳಪೆ ಎಂಬುದನ್ನು ಪಟ್ಟಿಗಳೇ ಹೇಳಿಬಿಡುತ್ತವೆ.

ಕೊನೆಯಲ್ಲಿ ಒಂದು ಪ್ರಯೋಗ. ಬೇಕಾದದ್ದು: 9 ವೋಲ್ಟಿನ ಬ್ಯಾಟರಿ, 330 ಓಮಿನ ರೋಧಕ, 10 ಕಿಲೊಓಮಿನ ಪೊಟೆನ್ಷಿಯೊಮೀಟರ್, ಎರಡು ಮಲ್ಟಿಮೀಟರ್, ಕೆಂಪು ಹಾಗೂ ಬಿಳಿ ಎಲ್.ಇ.ಡಿ. ಒಂದೊಂದು. ಎಸ್.ಎಂ.ಡಿ.ಗೆ ಬೆಸುಗೆ ಹಾಕುವುದು ಕಷ್ಟವೆನಿಸಿದರೆ ಪಟ್ಟಿಯ ತುಂಡಿನಲ್ಲಿರುವ ಒಂದು ಎಲ್.ಇ.ಡಿ.ಯ ಎರಡು ತುದಿಗಳಿಗೆ ತೆಳು ತಂತಿ ಬೆಸೆಯಿರಿ. ಧನ, ಋಣ ತುದಿಗಳ ಗುರುತು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ಇಟ್ಟು ನೋಡಿಕೊಳ್ಳುವುದೇ ಕ್ಷೇಮ. ಬ್ಯಾಟರಿ, ರೋಧಕ, ಪೊಟೆನ್ಷಿಯೊಮೀಟರ್, ಪ್ರವಾಹ ಅಳೆಯುವ ಮೀಟರ್, ಎಲ್.ಇ.ಡಿ. ಎಲ್ಲವೂ ಸರಣಿಯಲ್ಲಿರಲಿ, ಎರಡನೆಯ ಮೀಟರ್ ಎಲ್.ಇ.ಡಿ.ಯ ಎರಡು ತುದಿಗಳಿಗೆ. 1, 2, 5, 10, 15 ಮಿಲಿಆಂಪಿಯರ್‌ಗಳಲ್ಲಿ ವೋಲ್ಟೇಜು ಬರೆದುಕೊಂಡು ಗ್ರಾಫ್ ಹಾಳೆಯ ಮೇಲೆ ರೇಖೆ ಎಳೆಯಿರಿ. ಪ್ರವಾಹ ಹದಿನೈದು ಪಟ್ಟಾದರೂ ವೋಲ್ಟೇಜು ಎಷ್ಟು ಕಡಿಮೆ ಏರಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆಮೇಲೆ 5 ಮಿಲಿಆಂಪಿಯರಿನಲ್ಲಿ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಐಸ್ ತುಂಡನ್ನು ಎಲ್.ಇ.ಡಿ.ಗೆ ಒತ್ತಿಹಿಡಿದು, ಎರಡನೆಯ ಮೀಟರಿನ ಕೊನೆಯ ಅಂಕೆ ಯಾವ ಕಡೆಗೆ ಹೊರಳುತ್ತದೆ ನೋಡಿ.